ಬೀಚಿ

ಬೀಚಿ (ಏಪ್ರಿಲ್ 23, 1913 – ಡಿಸೆಂಬರ್ 7, 1980) ಕನ್ನಡದ ಪ್ರಸಿದ್ಧ ಹಾಸ್ಯ ಸಾಹಿತಿ, ಕಾದಂಬರಿಕಾರ, ನಾಟಕಕಾರ ಮತ್ತು ಅಂಕಣಕಾರರು. ಇವರ ನಿಜನಾಮ ರಾಯಸಂ ಭೀಮಸೇನರಾವ್. ಇಂಗ್ಲಿಷ್ ಪದಗಳನ್ನು ಕನ್ನಡದ ಕಿವಿಯಿಂದ ಕೇಳಿ, ಒಡೆದು, ಹೊಸ ಅರ್ಥ ಹೊಮ್ಮುವಂತೆ ಜೋಡಿಸುವ ಪದಚಮತ್ಕಾರಕ್ಕೆ ಇವರು ಹೆಸರಾದವರು. 'ತಿಮ್ಮ' ಇವರು ಸೃಷ್ಟಿಸಿದ ಜನಪ್ರಿಯ ಪಾತ್ರ.

ಜನನ ಮತ್ತು ಬಾಲ್ಯ

ಬೀಚಿಯವರು ಹರಪನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸರಾವ್, ತಾಯಿ ಭಾರತಮ್ಮ. ಹರಪನಹಳ್ಳಿ, ಹೂವಿನಹಡಗಲಿ, ಕೂಡ್ಲಿಗಿ ಮುಂತಾದ ತಾಲ್ಲೂಕುಗಳು ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ.

ಬಾಲ್ಯದಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡ ಇವರು ಬಂಧುಗಳ ಆಶ್ರಯದಲ್ಲಿ ಬಡತನದಲ್ಲಿ ಬೆಳೆದರು. ಎಸ್.ಎಸ್.ಎಲ್.ಸಿ.ಯವರೆಗೆ ವಿದ್ಯಾಭ್ಯಾಸ ಮಾಡಿ, ಹೊಟ್ಟೆಪಾಡಿಗಾಗಿ ನೌಕರಿಗೆ ಸೇರಿ, ಪೊಲೀಸ್ ಇಲಾಖೆಯಲ್ಲಿ ಕೆಲಸ ಮಾಡಿದರು. ಗಡಿಸೀಮೆಯಾದ ಬಳ್ಳಾರಿಯಲ್ಲಿ ಕನ್ನಡ, ತೆಲುಗು, ಉರ್ದು ಒಟ್ಟಿಗೆ ಬಳಕೆಯಲ್ಲಿದ್ದವು. ಸರ್ಕಾರದ ಆಡಳಿತ ಭಾಷೆ ಇಂಗ್ಲಿಷ್ ಆಗಿತ್ತು. ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹೀಗೆ ಇವರ ಜೀವಿತದ ಮೊದಲ ನಲವತ್ತು ವರ್ಷಗಳು ಕನ್ನಡಕ್ಕೆ ಆಡಳಿತದಲ್ಲಿ ಸ್ಥಾನವಿಲ್ಲದ ಕಾಲದಲ್ಲಿ ಕಳೆದವು.

ಕನ್ನಡದತ್ತ ಒಲವು

ಆರಂಭದಲ್ಲಿ ಬೀಚಿಯವರಿಗೆ ಕನ್ನಡ ಸಾಹಿತ್ಯದ ಬಗ್ಗೆ ತಾತ್ಸಾರವಿತ್ತು. ಇಂಗ್ಲಿಷ್ ಪುಸ್ತಕಗಳ ಓದಿನಲ್ಲಿಯೇ ಆಸಕ್ತಿಯಿತ್ತು. ಅ.ನ. ಕೃಷ್ಣರಾಯರು ಸಂಗೀತಗಾರನ ಬದುಕನ್ನು ಕುರಿತು ಬರೆದ 'ಸಂಧ್ಯಾರಾಗ' ಕಾದಂಬರಿಯನ್ನು ಓದಿದ ಮೇಲೆ ಈ ಮನೋಭಾವ ಬದಲಾಯಿತು. ಅಂದಿನಿಂದ ಕನ್ನಡ ಪುಸ್ತಕಗಳನ್ನು ಓದತೊಡಗಿದ ಇವರು ಮುಂದೆ ಕನ್ನಡದ ಲೇಖಕರೇ ಆದರು. ಅ.ನ.ಕೃ. ಅವರನ್ನು ತಮ್ಮ ಸಾಹಿತ್ಯಗುರುವೆಂದು ಗೌರವಿಸಿದರು. 'ದಾಸಕೂಟ' ಇವರ ಮೊದಲ ಕಾದಂಬರಿ.

ಕನ್ನಡಕ್ಕೆ ಬಂದ ಮೇಲೆ ಇವರು ಇಂಗ್ಲಿಷನ್ನು ಬಿಟ್ಟುಬಿಡಲಿಲ್ಲ. ಹಿಂದೆ ಪ್ರತಿಷ್ಠೆಯ ಭಾಷೆಯಾಗಿ ಕಂಡಿದ್ದ ಇಂಗ್ಲಿಷ್ ಈಗ ಇವರ ಕೈಯಲ್ಲಿ ಆಟದ ವಸ್ತುವಾಯಿತು. ಇವರ ಕಾವ್ಯನಾಮವೇ ಇದಕ್ಕೆ ನಿದರ್ಶನ. 'ಬೀ' ಎಂಬುದನ್ನು ಕನ್ನಡ ಲಿಪಿಯಲ್ಲಿಯೂ 'ಚಿ' ಎಂಬುದನ್ನು ಇಂಗ್ಲಿಷ್ ಲಿಪಿಯಲ್ಲಿಯೂ ಬರೆಯುವ ರೂಢಿಯನ್ನು ಇವರು ಇಟ್ಟುಕೊಂಡಿದ್ದರು.

ಪದಚಮತ್ಕಾರ

ಒಂದೇ ಪದದಿಂದ ಎರಡು ಅರ್ಥ ಹೊರಡಿಸುವುದನ್ನು ಅಲಂಕಾರಶಾಸ್ತ್ರದಲ್ಲಿ ಶ್ಲೇಷೆ ಎನ್ನುತ್ತಾರೆ. ಪದವನ್ನು ಒಡೆದಾಗ ಎರಡನೆಯ ಅರ್ಥ ದೊರೆತರೆ ಅದು ಸಭಂಗ ಶ್ಲೇಷೆ. ಒಡೆಯದೆಯೇ ದೊರೆತರೆ ಅಭಂಗ ಶ್ಲೇಷೆ. ಹಳೆಯ ಕವಿಗಳು ಸಂಸ್ಕೃತ ಮತ್ತು ಕನ್ನಡ ಪದಗಳಲ್ಲಿ ನಡೆಸಿದ ಈ ಆಟವನ್ನು ಬೀಚಿಯವರು ಇಂಗ್ಲಿಷ್ ಪದಗಳಿಗೂ ವಿಸ್ತರಿಸಿದರು.

ಇವರ ಆತ್ಮಕಥೆಯ ಹೆಸರು 'ನನ್ನ ಭಯಾಗ್ರಫಿ'. ಜೀವನಚರಿತ್ರೆ ಎಂಬ ಅರ್ಥದ ಇಂಗ್ಲಿಷ್ ಪದ 'ಬಯಾಗ್ರಫಿ'. ಗ್ರೀಕ್ ಮೂಲದ ಈ ಪದದ ಮೊದಲ ಭಾಗಕ್ಕೆ ಜೀವನವೆಂದೂ ಎರಡನೆಯ ಭಾಗಕ್ಕೆ ಬರಹವೆಂದೂ ಅರ್ಥ. ಇಲ್ಲಿ ಬದಲಾದದ್ದು ಒಂದೇ ಒಂದು ಅಕ್ಷರ: ಅಲ್ಪಪ್ರಾಣ 'ಬ'ಕಾರದ ಜಾಗದಲ್ಲಿ ಮಹಾಪ್ರಾಣ 'ಭ'ಕಾರ ಬಂದಿದೆ. ಅಷ್ಟರಿಂದಲೇ ಜೀವನದ ಸ್ಥಾನದಲ್ಲಿ ಭಯ ಕುಳಿತು, ಜೀವನಚರಿತ್ರೆ ಭಯದ ಚರಿತ್ರೆಯಾಗುತ್ತದೆ. ಅನಾಥ ಬಾಲ್ಯವನ್ನೂ ಬಡತನವನ್ನೂ ಕಂಡ ಬದುಕಿಗೆ ಈ ಶೀರ್ಷಿಕೆ ಬರಿಯ ನಗೆಯ ಮಾತಾಗಿ ಉಳಿಯುವುದಿಲ್ಲ.

'ತಿಮ್ಮಿಕ್ಷನರಿ' ಇದೇ ಬಗೆಯ ಇನ್ನೊಂದು ರಚನೆ. ನಿಘಂಟು ಎಂಬ ಅರ್ಥದ 'ಡಿಕ್ಷನರಿ' ಪದದ ಮೊದಲ ಅಕ್ಷರವನ್ನು ತೆಗೆದು ಅಲ್ಲಿ ತಿಮ್ಮನನ್ನು ಕೂರಿಸಲಾಗಿದೆ. ಇದು ಪದಗಳಿಗೆ ನಿಘಂಟಿನ ಅರ್ಥಕ್ಕೆ ಬದಲಾಗಿ ವ್ಯಂಗ್ಯಾರ್ಥ ಕೊಡುವ ವಿನೋದಕೋಶ. ಈ ಪ್ರಕಾರಕ್ಕೆ ಅಮೆರಿಕದ ಲೇಖಕ ಆಂಬ್ರೋಸ್ ಬಿಯರ್ಸ್ 1911ರಲ್ಲಿ ಪ್ರಕಟಿಸಿದ 'ದಿ ಡೆವಿಲ್ಸ್ ಡಿಕ್ಷನರಿ' ವಿಶ್ವಪ್ರಸಿದ್ಧ ಉದಾಹರಣೆ, ಕನ್ನಡದಲ್ಲಿ ನಾ. ಕಸ್ತೂರಿಯವರ 'ಅನರ್ಥಕೋಶ' ಪ್ರಸಿದ್ಧವಾಗಿದೆ.

ಇಂತಹ ಹಾಸ್ಯವನ್ನು ಸವಿಯಲು ಓದುಗನಿಗೆ ಮೂಲ ಪದದ ಅರ್ಥ ತಿಳಿದಿರಬೇಕು. ತಿಳಿಯದಿದ್ದರೆ ಕೇಳಿಯೋ ನಿಘಂಟು ನೋಡಿಯೋ ತಿಳಿಯಬೇಕು. ಹೀಗಾಗಿ ನಗುವಿನ ಜೊತೆಯಲ್ಲಿಯೇ ಅಪರಿಚಿತ ಪದವೊಂದರ ಪರಿಚಯವೂ ಆಗುತ್ತದೆ. ಶಾಲೆ, ಕಚೇರಿಗಳಲ್ಲಿ ಇಂಗ್ಲಿಷಿಗೆ ಅಂಜುತ್ತಿದ್ದ ಸಾಮಾನ್ಯ ಓದುಗನಿಗೆ, ಆ ಪದಗಳನ್ನು ಒಡೆದು ನೋಡಿ ನಗಬಹುದೆಂಬ ಧೈರ್ಯವನ್ನು ಬೀಚಿಯವರ ಬರಹ ಕೊಟ್ಟಿತು.

ತಿಮ್ಮ ಮತ್ತು ಅಂಕಣಗಳು

ತಿಮ್ಮ ಮೇಲ್ನೋಟಕ್ಕೆ ಪೆದ್ದ. ಆದರೆ ಅವನ ಮುಗ್ಧ ಪ್ರಶ್ನೆಗಳು ಸಮಾಜದ ಡಾಂಭಿಕತೆಯನ್ನು ಬಯಲಿಗೆಳೆಯುತ್ತವೆ. ಮಾತನ್ನು ಅದರ ಅಕ್ಷರಾರ್ಥದಲ್ಲಿಯೇ ಹಿಡಿಯುವುದು ಅವನ ಸ್ವಭಾವ. ಹೇಳಿದವನ ಉದ್ದೇಶಕ್ಕೂ ಪದದ ಅರ್ಥಕ್ಕೂ ಇರುವ ಅಂತರದಿಂದ ಹಾಸ್ಯ ಹುಟ್ಟುತ್ತದೆ. 'ವಿಶಾಲ ಕರ್ನಾಟಕ' ಪತ್ರಿಕೆಯಲ್ಲಿ 'ಬೇವಿನಕಟ್ಟೆ ತಿಮ್ಮ' ಎಂಬ ಅಂಕಣವನ್ನು ಬೀಚಿಯವರು ಬರೆದರು. 'ಸುಧಾ' ವಾರಪತ್ರಿಕೆಯ 'ನೀವು ಕೇಳಿದಿರಿ?' ಎಂಬ ಪ್ರಶ್ನೋತ್ತರ ಅಂಕಣ ಇವರನ್ನು ನಾಡಿನ ಮನೆಮನೆಗೆ ತಲುಪಿಸಿತು.

ಇವರ ಹಾಸ್ಯಕ್ಕೆ ವಿಷಾದದ ಹಿನ್ನೆಲೆಯಿದೆ. 'ಸತೀಸೂಳೆ', 'ಸರಸ್ವತಿ ಸಂಹಾರ' ಮುಂತಾದ ಶೀರ್ಷಿಕೆಗಳಲ್ಲಿ ಪರಸ್ಪರ ವಿರುದ್ಧವಾದ ಪದಗಳನ್ನು ಎದುರುಬದುರು ನಿಲ್ಲಿಸಿ ಓದುಗನನ್ನು ಬೆಚ್ಚಿಬೀಳಿಸುವ ಕ್ರಮ ಕಾಣುತ್ತದೆ.

ಪ್ರಮುಖ ಕೃತಿಗಳು

ಕಾದಂಬರಿಗಳು: ದಾಸಕೂಟ, ಸತೀಸೂಳೆ, ಸರಸ್ವತಿ ಸಂಹಾರ, ಖಾದಿ ಸೀರೆ, ಬಂಗಾರದ ಕತ್ತೆ
ನಾಟಕ: ಹನ್ನೊಂದನೆಯ ಅವತಾರ
ಹಾಸ್ಯ: ತಿಮ್ಮನ ತಲೆ, ಅಂದನಾ ತಿಮ್ಮ, ಬೆಳ್ಳಿ ತಿಮ್ಮ ನೂರೆಂಟು ಹೇಳಿದ, ತಿಮ್ಮ ರಸಾಯನ, ತಿಮ್ಮಿಕ್ಷನರಿ
ಆತ್ಮಕಥೆ: ನನ್ನ ಭಯಾಗ್ರಫಿ

ನಿಧನ ಮತ್ತು ಪ್ರಭಾವ

ಬೀಚಿಯವರು 1980ರ ಡಿಸೆಂಬರ್ 7ರಂದು, ತಮ್ಮ 67ನೆಯ ವಯಸ್ಸಿನಲ್ಲಿ ನಿಧನರಾದರು. ಉತ್ತರ ಕರ್ನಾಟಕದ ಹಾಸ್ಯ ಭಾಷಣ ಪರಂಪರೆಯ ಮೇಲೆ ಇವರ ಪ್ರಭಾವ ಗಾಢವಾಗಿದೆ. ಹಾಸ್ಯ ಭಾಷಣಕಾರ ಗಂಗಾವತಿ ಪ್ರಾಣೇಶ್ ಅವರನ್ನು 'ಅಭಿನವ ಬೀಚಿ' ಎಂದು ಕರೆಯುವುದುಂಟು. ಕನ್ನಡವನ್ನು ಕಡೆಗಣಿಸಿದ್ದ ಓದುಗರೊಬ್ಬರು ಒಂದು ಕಾದಂಬರಿಯ ಓದಿನಿಂದ ಕನ್ನಡದ ಲೇಖಕರಾಗಿ, ತಾವು ಕಲಿತ ಇಂಗ್ಲಿಷನ್ನೂ ಕನ್ನಡದ ನಗೆಗೆ ಒಗ್ಗಿಸಿದ್ದು ಬೀಚಿಯವರ ವಿಶಿಷ್ಟ ಸಾಧನೆಯಾಗಿದೆ.