ಡಾಕ್ಟರ್ ಜೇಮ್ಸ್ ಯಂಗ್ ಸಿಂಪ್ಸನರ ಚರಿತ್ರೆ

ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು ರೋಗಿಗೆ ಅರಿವು ತಪ್ಪಿಸುವ ಔಷಧವನ್ನು ಕೊಡುವದು ನಮ್ಮ ವಾಚಕರೆಲ್ಲರೂ ಬಲ್ಲ ಸಂಗತಿ. ಯೂರೋಪಿನಲ್ಲಿ 1846ರ ವರೆಗೆ ಹೀಗಿರಲಿಲ್ಲ. ಬಲವಾದ ಆಳುಗಳು ರೋಗಿಯನ್ನು ಹಿಡಿದುಕೊಳ್ಳುತ್ತಿದ್ದರು. ಅವನು ಎಚ್ಚರವಾಗಿದ್ದೇ ಎಲ್ಲವನ್ನೂ ಸಹಿಸಬೇಕಾಗಿತ್ತು. ಆ ಕಾಲದಲ್ಲಿ ವೈದ್ಯರಾಗಿದ್ದ ಸಿಂಪ್ಸನರ ವಿಷಯವಾಗಿ ನಾವು ಇಲ್ಲಿ ಬರೆಯುತ್ತೇವೆ.

ಸ್ಕಾಟ್ಲೆಂಡಿನ ಬಾತ್‌ಗೇಟ್ ಎಂಬ ಊರಿನಲ್ಲಿ ರೊಟ್ಟಿ ಸುಟ್ಟು ಮಾರಿ ಜೀವಿಸುತ್ತಿದ್ದ ಒಬ್ಬನ ಏಳನೆಯ ಮಗನಾಗಿ ಅವರು 1811ನೇ ಜೂನ್ 7ರಲ್ಲಿ ಹುಟ್ಟಿದರು. ಬಾಲ್ಯದಲ್ಲೇ ತಾಯಿಯನ್ನು ಕಳಕೊಂಡರು. ಮನೆಯವರು ಕೂಡಿ ಹಣ ಒದಗಿಸಿ, ಹದಿನಾಲ್ಕು ವರ್ಷದ ಹುಡುಗನನ್ನು ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. ಅಲ್ಲಿ ವೈದ್ಯವಿದ್ಯೆ ಕಲಿಯುತ್ತಿದ್ದಾಗ, ಗುಡ್ಡಗಾಡಿನ ಬಡ ಹೆಂಗಸೊಬ್ಬಳ ಸ್ತನವನ್ನು ಲಿಸ್ಟನ್ ಎಂಬ ಪ್ರಸಿದ್ಧ ವೈದ್ಯರು ಕೊಯ್ದು ತೆಗೆಯುವದನ್ನು ಕಂಡರು. ಆಕೆಯ ಸಂಕಟವನ್ನು ನೋಡಲಾರದೆ ನೆಟ್ಟಗೆ ನ್ಯಾಯಸ್ಥಾನಕ್ಕೆ ಹೋಗಿ ಗುಮಾಸ್ತನ ಕೆಲಸ ಹುಡುಕಿದರೆಂದು ಅವರ ಚರಿತ್ರಕಾರರು ತಿಳಿಸುತ್ತಾರೆ. ಆದರೆ ವೈದ್ಯವಿದ್ಯೆಗೆ ಹಿಂತಿರುಗಿ ಬಂದರು. ಈ ವೇದನೆಯನ್ನು ತಪ್ಪಿಸುವ ಉಪಾಯವುಂಟೋ ಎಂಬ ಪ್ರಶ್ನೆಯೂ ಅವರ ಸಂಗಡ ಬಂತು. 1840ರಲ್ಲಿ, 28ನೆಯ ವಯಸ್ಸಿನಲ್ಲಿ, ಅಲ್ಲೇ ಪ್ರಸೂತಿಶಾಸ್ತ್ರದ ಪ್ರೊಫೆಸರರಾದರು.

1846ರಲ್ಲಿ ಅಮೇರಿಕದ ಬಾಸ್ಟನ್ ಪಟ್ಟಣದಲ್ಲಿ ಈಥರಿನ ಆವಿಯಿಂದ ರೋಗಿಯನ್ನು ನಿದ್ರೆಗೊಳಿಸಿದ ಸುದ್ದಿ ಹಬ್ಬಿತು. ಮುಂದಿನ ಜನವರಿಯಲ್ಲೇ ಸಿಂಪ್ಸನರು ಅದನ್ನು ಹೆರಿಗೆಯಲ್ಲಿ ಉಪಯೋಗಿಸಿದರು. ಅದರ ವಾಸನೆ ಕಟುವಾದ್ದರಿಂದ ಬೇರೆ ಔಷಧವನ್ನು ಹುಡುಕುತ್ತಾ, ಊಟವಾದ ಮೇಲೆ ಸ್ನೇಹಿತರೊಡನೆ ನಾನಾ ಆವಿಗಳನ್ನು ತಾವೇ ಮೂಸಿ ನೋಡುತ್ತಿದ್ದರು. 1847ನೇ ನವೆಂಬರ್ 4ರ ರಾತ್ರಿ ಕ್ಲೋರೋಫಾರ್ಮನ್ನು ಮೂಸಿ, ಅವರೂ ಕೀತ್, ಡಂಕನ್ ಎಂಬ ಇಬ್ಬರು ವೈದ್ಯರೂ ಮೇಜಿನ ಕೆಳಗೆ ಬಿದ್ದರು. ಇದು ವಿವೇಕದ ಕೆಲಸವೆಂದು ನಾವು ಹೇಳಲಾರೆವು. ಮೂವರೂ ಎಚ್ಚತ್ತದ್ದು ದೇವರ ಕೃಪೆಯೇ. ಕೆಲವೇ ದಿನಗಳಲ್ಲಿ ಒಬ್ಬ ತಾಯಿ ಆ ಔಷಧದ ಸಹಾಯದಿಂದ ಹೆತ್ತಳು.

ಆಗ ಒಂದು ಪ್ರಶ್ನೆ ಎದ್ದಿತು. ಹವ್ವಳಿಗೆ ವಿಧಿಸಲ್ಪಟ್ಟ ಪ್ರಸವವೇದನೆಯನ್ನು ಮನುಷ್ಯನು ತೆಗೆಯುವದು ದೇವರ ಮಾತಿಗೆ ವಿರೋಧವಲ್ಲವೇ? ಸಿಂಪ್ಸನರು ಅದೇ ಡಿಸೆಂಬರಿನಲ್ಲಿ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿ ಉತ್ತರ ಕೊಟ್ಟರು. ಅದೇ ಅಧ್ಯಾಯದಲ್ಲಿ ಭೂಮಿಗೆ ಮುಳ್ಳುಕಳೆಗಳ ಶಾಪವೂ ಉಂಟು. ಆದರೂ ರೈತನು ಕಳೆ ಕೀಳುವದನ್ನು ಯಾರೂ ಪಾಪವೆನ್ನುವದಿಲ್ಲವೆಂದು ತೋರಿಸಿದರು. ಇಬ್ರಿಯ ಮೂಲದ ಶಬ್ದಕ್ಕೆ ಪ್ರಯಾಸವೆಂಬ ಅರ್ಥವುಂಟೆಂದೂ, ಆದಾಮನ ಪಕ್ಕೆಲುಬನ್ನು ತೆಗೆಯುವ ಮೊದಲು ದೇವರೇ ಅವನಿಗೆ ಗಾಢನಿದ್ರೆಯನ್ನು ಬರಮಾಡಿದನೆಂದೂ ಬರೆದರು. ಸಭಾಪಾಲಕರೆಲ್ಲರೂ ಅವರಿಗೆ ವಿರೋಧವಾಗಿ ಎದ್ದರೆಂಬ ಕಥೆಯುಂಟು. ಹಳೆಯ ಬರಹಗಳನ್ನು ಶೋಧಿಸಿದವರು ಅದು ಅತಿಶಯವೆನ್ನುತ್ತಾರೆ. ಫಿಲಡೆಲ್ಫಿಯದ ಮೇಗ್ಸರಂಥ ವೈದ್ಯರೇ ಹೆರಿಗೆಯ ನೋವು ಸ್ವಾಭಾವಿಕವೂ ಉಪಯುಕ್ತವೂ ಆದದ್ದೆಂದು ಬಲವಾಗಿ ವಾದಿಸಿದರು.

ಇನ್ನೊಂದು ಸಂಗತಿಯನ್ನು ಮರೆಮಾಡುವದು ನ್ಯಾಯವಲ್ಲ. 1848ನೇ ಜನವರಿ 28ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಬಳಿ, ಕಾಲುಗುರು ತೆಗೆಸಲು ಕೂತ ಹನ್ನಾ ಗ್ರೀನರ್ ಎಂಬ ಹದಿನೈದು ವರ್ಷದ ಹುಡುಗಿ ಕ್ಲೋರೋಫಾರ್ಮ್ ಮೂಸಿದ ಕೆಲವೇ ನಿಮಿಷಗಳಲ್ಲಿ ಸತ್ತಳು. ಎಚ್ಚರಿಸಲು ಬಾಯಿಗೆ ಹೊಯ್ದ ನೀರೂ ಬ್ರಾಂದಿಯೂ ಉಸಿರು ಕಟ್ಟಿಸಿದವೆಂದು ಸಿಂಪ್ಸನರು ವಾದಿಸಿದರು. ತಾವು ಕಂಡುಹಿಡಿದದ್ದರ ಮೇಲಿನ ಅಭಿಮಾನ ಅವರ ಕಣ್ಣನ್ನು ಇಲ್ಲಿ ಮಬ್ಬುಗೊಳಿಸಿತೆಂದು ನಮಗೆ ತೋರುತ್ತದೆ. ಕ್ಲೋರೋಫಾರ್ಮ್ ಹೃದಯವನ್ನು ಫಕ್ಕನೆ ನಿಲ್ಲಿಸಬಲ್ಲದು, ಯಕೃತ್ತನ್ನು ಕೆಡಿಸಬಲ್ಲದು. ಆದಕಾರಣ ವೈದ್ಯರು ಅದನ್ನು ಕೈಬಿಟ್ಟು ಬೇರೆ ಔಷಧಗಳನ್ನು ಹಿಡಿದಿದ್ದಾರೆ. ಲಂಡನಿನ ಸ್ನೋ ಎಂಬ ವೈದ್ಯರು ಪ್ರಮಾಣವನ್ನು ಜಾಗ್ರತೆಯಿಂದ ಅಳೆದು ಕೊಡುವ ವಿಧಾನವನ್ನು ಅಭ್ಯಾಸಮಾಡಿದರು. 1853ನೇ ಎಪ್ರಿಲ್ 7ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಯಲ್ಲಿ ಅದನ್ನು ಕೊಟ್ಟವರು ಅವರೇ. ಆ ಮೇಲೆ ಹೆಂಗಸರ ಅಂಜಿಕೆ ಬಹಳ ತಗ್ಗಿತು.

1866ರಲ್ಲಿ ಸಿಂಪ್ಸನರಿಗೆ ಬ್ಯಾರನೆಟ್ ಪದವಿ ದೊರೆಯಿತು. ಅದೇ ವರ್ಷ ವೈದ್ಯನಾಗಿದ್ದ ಹಿರಿಯ ಮಗನು ತೀರಿಕೊಂಡನು. ಅವರು 1870ನೇ ಮೇ 6ರಲ್ಲಿ, 58ನೆಯ ವಯಸ್ಸಿನಲ್ಲಿ ಮರಣಹೊಂದಿದರು. ಲಂಡನಿನ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸಮಾಧಿಗೆ ಸ್ಥಳ ಕೊಡುವೆವೆಂದು ಹೇಳಿಕೆ ಬಂದರೂ ಮನೆಯವರು ಒಪ್ಪಲಿಲ್ಲ. ಎಡಿನ್‌ಬರೋದ ವಾರಿಸ್ಟನ್ ಸ್ಮಶಾನದಲ್ಲಿ, ಮುಂಚೆ ಅಗಲಿದ್ದ ಮಕ್ಕಳ ಬಳಿಯಲ್ಲೇ ಅವರನ್ನು ಹೂಣಿಟ್ಟರು.