ಶಾಲೆಗಾಗಿ ಕೈಯೊಡ್ಡಿದ ವಕೀಲ: ಕುದ್ಮುಲ್ ರಂಗರಾವ್

ಮೈಸೂರಿನ ರಾಮಕೃಷ್ಣನಗರದಲ್ಲಿ ಕರಾವಳಿಯಿಂದ ಬಂದು ನೆಲೆಸಿದ ಕುಟುಂಬಗಳು ಅಲ್ಲಲ್ಲಿ ಇವೆ. ಉದ್ಯೋಗಕ್ಕೆಂದು ಬಂದವರು, ಮಕ್ಕಳ ಓದಿಗೆಂದು ಬಂದವರು, ನಿವೃತ್ತಿಯ ನಂತರ ಹವೆ ಒಳ್ಳೆಯದೆಂದು ಉಳಿದವರು. ಊರಿನ ಚರ್ಚಿನ ಹಬ್ಬ, ತೆನೆಹಬ್ಬದ ಸುದ್ದಿ ಓದಲು ಈ ಪುಟಗಳನ್ನು ತೆರೆಯುವವರಲ್ಲಿ ನಾವೂ ಸೇರಿದ್ದೇವೆ. ಇಂದು ನಾವು ಬರೆಯಲು ಹೊರಟಿರುವುದು ಮಂಗಳೂರಿನ ಒಬ್ಬ ಮಹನೀಯರ ಬಗ್ಗೆಯಾದರೂ ಅವರ ನೆನಪಾದದ್ದು ಈ ಬಡಾವಣೆಯ ಒಂದು ಚಿಕ್ಕ ಪ್ರಾಥಮಿಕ ಶಾಲೆಯ ಸಭೆಯಲ್ಲಿ.

ಆ ಶಾಲೆಯ ಅಡುಗೆ ಕೋಣೆಯ ಮಾಡು ಸೋರುತ್ತಿತ್ತು. ದುರಸ್ತಿಗೆ ಹಣ ಬೇಕಿತ್ತು. ಎಲ್ಲ ಕಡೆ ಮಾಡುವಂತೆ ಇಲ್ಲಿಯೂ ಅದೃಷ್ಟ ಚೀಟಿಯ ಪುಸ್ತಕಗಳನ್ನು ಅಚ್ಚು ಹಾಕಿಸಿ ಪ್ರತಿ ಮಗುವಿನ ಕೈಗೆ ಒಂದೊಂದು ಕೊಡಲಾಯಿತು. ಜೊತೆಗೆ ಚಾಕಲೇಟು, ಚಿಪ್ಸು, ತಂಪು ಪಾನೀಯದ ಮಳಿಗೆ ಹಾಕುವ ಯೋಚನೆಯೂ ಇತ್ತು. ಸಮಿತಿಯಲ್ಲಿದ್ದ ನಾವು ಕೂಡ ತಲೆಯಾಡಿಸಿದವರೇ. ಮೂರನೆಯ ತರಗತಿಯ ಒಂದು ಹುಡುಗಿ, ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವ ತಾಯಿಯ ಮಗಳು, ಒಂದು ಚೀಟಿಯನ್ನೂ ಮಾರಲಾಗದೆ ಶಾಲೆಗೆ ಬರುವುದನ್ನೇ ನಿಲ್ಲಿಸಿದಳು. ಮೂರು ದಿನ ಯಾರೂ ಗಮನಿಸಲಿಲ್ಲ. ನಾಲ್ಕನೆಯ ದಿನ ತಾಯಿ ಬಂದು ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದರು. ಅಂದಿನ ಸಭೆಯಲ್ಲಿ, ಬಾಲ್ಯವನ್ನು ಮಂಗಳೂರಿನ ಉರ್ವದಲ್ಲಿ ಕಳೆದ ಹಿರಿಯರೊಬ್ಬರು ಕುದ್ಮುಲ್ ರಂಗರಾಯರ ಹೆಸರು ಎತ್ತಿದರು. ಶಾಲೆಗೆ ಬಂದ ಮಗುವಿನಿಂದ ಹಣ ಕೇಳುವ ಬದಲು ಮಗುವಿಗೇ ಹಣ ಕೊಟ್ಟ ಮನುಷ್ಯ ಒಬ್ಬರು ನಮ್ಮೂರಲ್ಲಿದ್ದರು ಎಂಬುದು ಅವರ ಮಾತಿನ ತಾತ್ಪರ್ಯ. ಸಭೆಯಲ್ಲಿದ್ದ ಮೈಸೂರಿನವರಿಗೆ ಈ ಹೆಸರು ಹೊಸದು. ನಾಚಿಕೆಯ ಸಂಗತಿಯೆಂದರೆ, ಮಂಗಳೂರಿನ ಪುರಭವನದ ಮುಂದೆ ನೂರಾರು ಸಲ ಹಾದುಹೋದ ನಮಗೂ ಆ ಕಟ್ಟಡಕ್ಕೆ ಇಟ್ಟ ಹೆಸರಿನ ಹಿಂದಿನ ಕಥೆ ಅರ್ಧಂಬರ್ಧ ಮಾತ್ರ ಗೊತ್ತಿತ್ತು.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡಿನಲ್ಲಿ, ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಹದಿನಾರರ ಹರೆಯದಲ್ಲಿ ತಂದೆ ತೀರಿಕೊಂಡ ಮೇಲೆ ಬದುಕು ಅರಸಿ ಮಂಗಳೂರಿಗೆ ಬಂದರು. ಮೊದಲು ಶಾಲಾ ಶಿಕ್ಷಕರಾದರು. ಕಷ್ಟಪಟ್ಟು ಓದಿ ಪ್ಲೀಡರ್ ಪರೀಕ್ಷೆ ಮುಗಿಸಿ ವಕೀಲಿ ವೃತ್ತಿಗೆ ಇಳಿದರು. ಬಡವರ ವಕೀಲರೆಂದು ಹೆಸರು ಪಡೆದರು. ಅಂಥ ಹೆಸರು ಬಂದವರ ಕೈಯಲ್ಲಿ ಹಣ ನಿಲ್ಲುವುದು ಕಡಿಮೆ ಎಂದು ಬಿಡಿಸಿ ಹೇಳಬೇಕಿಲ್ಲ.

ಮಂಗಳೂರಿನಲ್ಲಿ 1870ರಲ್ಲಿಯೇ ಬ್ರಹ್ಮಸಮಾಜ ಆರಂಭವಾಗಿತ್ತು. ಉಳ್ಳಾಲ ರಘುನಾಥಯ್ಯನವರು ಅದರ ಮುಂದಾಳು. ಜಾತಿಭೇದವನ್ನು ಒಪ್ಪದ ಆ ಚಿಕ್ಕ ಗುಂಪನ್ನು ರಂಗರಾಯರು ಸೇರಿಕೊಂಡರು. ಆ ಕಾಲದಲ್ಲಿ ದಲಿತರ ಮಕ್ಕಳು ಊರಿನ ಶಾಲೆಯ ಜಗಲಿಯನ್ನೂ ಹತ್ತುವಂತಿರಲಿಲ್ಲ. ಅಪ್ಪಿತಪ್ಪಿ ನಾಲ್ಕಕ್ಷರ ಕಲಿತು ಕಚೇರಿಯಲ್ಲಿ ಜವಾನನ ಕೆಲಸ ಪಡೆದವನನ್ನು ಸಹ ಜೊತೆಯವರು ಹತ್ತಿರ ನಿಲ್ಲಗೊಡುತ್ತಿರಲಿಲ್ಲ. ನ್ಯಾಯಾಲಯಕ್ಕೆ ದಿನವೂ ಹೋಗಿ ಬರುತ್ತಿದ್ದ ರಂಗರಾಯರ ಕಣ್ಣಿಗೆ ಇದು ಬೀಳದೆ ಇರಲು ಸಾಧ್ಯವಿರಲಿಲ್ಲ.

1892ರಲ್ಲಿ ಅವರು ಉರ್ವದ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಬಾಡಿಗೆಯ ಜಾಗ. ಜನ ಅದನ್ನು ಪಂಚಮ ಶಾಲೆ ಎಂದು ಕರೆದರು, ಗೌರವದಿಂದ ಕರೆದದ್ದಲ್ಲ. ವಿರೋಧ ಜೋರಾಯಿತು. ಜಾಗ ಬಿಡಬೇಕಾಯಿತು. ಇನ್ನೊಂದು ಕಡೆ ಹೋದರೆ ಅಲ್ಲಿಯೂ ಅದೇ ಕಥೆ. ಹೀಗೆ ಮಣೆ, ಕರಿಹಲಗೆ ಹೊತ್ತುಕೊಂಡು ಊರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಲೆದ ಶಾಲೆಗೆ ಕೊನೆಗೆ ಕೊಡಿಯಾಲ್‌ಬೈಲಿನ ಗುಡ್ಡದ ಮೇಲೆ ನೆಲೆ ಸಿಕ್ಕಿತು.

ಪಾಠ ಹೇಳಲು ಮೇಲ್ಜಾತಿಯ ಉಪಾಧ್ಯಾಯರು ಯಾರೂ ಮುಂದೆ ಬರಲಿಲ್ಲ. ಆಗ ಬಂದವರು ಕ್ರೈಸ್ತ ಶಿಕ್ಷಕರು. ಈ ಮಾತನ್ನು ಬರೆಯುವಾಗ ನಮಗೆ ಹೆಮ್ಮೆ ಎನಿಸಬಹುದು. ಆದರೆ ಜಾತಿಯ ಮಡಿವಂತಿಕೆ ಅಂದಿನ ಕ್ರೈಸ್ತ ಮನೆಗಳ ಅಂಗಳದಲ್ಲಿಯೂ ಇತ್ತು ಎಂಬುದನ್ನು ಮರೆತು ಹೆಮ್ಮೆಪಡುವುದು ಸರಿಯಲ್ಲ. ಬಂದ ಆ ಕೆಲವರು ತಮ್ಮ ನೆರೆಕರೆಯ ಕೊಂಕು ಮಾತನ್ನು ಕೇಳಿಕೊಂಡೇ ಬಂದಿರಬೇಕು.

ಶಾಲೆ ತೆರೆದದ್ದಾಯಿತು, ಶಿಕ್ಷಕರು ಬಂದದ್ದಾಯಿತು. ಮಕ್ಕಳು? ಇಲ್ಲಿಯೇ ರಂಗರಾಯರ ಬುದ್ಧಿವಂತಿಕೆ ಕಾಣುವುದು. ಬಡ ಕೂಲಿಯವನ ಮನೆಯಲ್ಲಿ ಎಂಟು ವರ್ಷದ ಮಗುವೂ ದುಡಿಯುವ ಕೈ. ದನ ಮೇಯಿಸಬೇಕು, ತಮ್ಮ ತಂಗಿಯರನ್ನು ಎತ್ತಿಕೊಳ್ಳಬೇಕು, ಒಡೆಯರ ಮನೆಯ ಚಾಕರಿಗೂ ಹೋಗಬೇಕು. ಆ ಮಗು ಶಾಲೆಗೆ ಬಂದರೆ ಮನೆಗೆ ಅಂದಿನ ಗಂಜಿಯಲ್ಲಿ ಖೋತಾ. ಶುಲ್ಕವಿಲ್ಲ ಎಂದ ಮಾತ್ರಕ್ಕೆ ಶಾಲೆ ಪುಕ್ಕಟೆ ಆಗುವುದಿಲ್ಲ ಎಂಬುದನ್ನು ಅವರು ಅರಿತರು. ಅದಕ್ಕಾಗಿ ಎರಡು ಏರ್ಪಾಡು ಮಾಡಿದರು. ಒಂದು, ಶಾಲೆಯಲ್ಲಿಯೇ ಮಧ್ಯಾಹ್ನದ ಊಟ. ಇನ್ನೊಂದು, ಮಗುವನ್ನು ಕಳುಹಿಸಿದ ಮನೆಗೆ ದಿನಕ್ಕೆ ಎರಡು ಪೈಸೆ.

ಎರಡು ಪೈಸೆ ಎಂದರೆ ಇಂದು ನಗು ಬರುತ್ತದೆ. ಸ್ವಲ್ಪ ಲೆಕ್ಕ ಹಾಕೋಣ. ಆಗ ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 4 ಪೈಸೆ. ಅಂದರೆ ರೂಪಾಯಿಗೆ 64 ಪೈಸೆ. ಶಾಲೆಯಲ್ಲಿ 30 ಮಕ್ಕಳಿದ್ದು ತಿಂಗಳಿಗೆ 25 ದಿನ ಬಂದರೆಂದು ಇಟ್ಟುಕೊಂಡರೂ 1500 ಪೈಸೆ, ಅಂದರೆ 23 ರೂಪಾಯಿ 7 ಆಣೆ ಬೇಕು. ಇದು ಒಂದು ಶಾಲೆಯ ಮಾತು. ಊಟದ ಅಕ್ಕಿ, ಸೌದೆ, ಶಿಕ್ಷಕರ ಸಂಬಳ, ಬಾಡಿಗೆ, ಸ್ಲೇಟು ಕಡ್ಡಿ ಎಲ್ಲವೂ ಬೇರೆ. ಬಡವರ ಮೊಕದ್ದಮೆ ನಡೆಸುವ ವಕೀಲನೊಬ್ಬ ಇಂಥ ಖರ್ಚನ್ನು ತಿಂಗಳು ತಿಂಗಳು ಹೊರುವುದೆಂದರೆ ಏನೆಂದು ಚರ್ಚಿನ ಲೆಕ್ಕಪುಸ್ತಕ ನೋಡಿ ಅಭ್ಯಾಸವಿರುವ ನಮ್ಮ ಓದುಗರಿಗೆ ತಿಳಿದೀತು.

ಮೊದಲು ಅವರು ಕೈಹಾಕಿದ್ದು ತಮ್ಮ ಕಿಸೆಗೆ. ಅದು ಸಾಲದಾದಾಗ ಸ್ನೇಹಿತರ ಬಳಿಗೆ, ಬ್ರಹ್ಮಸಮಾಜದ ಬಂಧುಗಳ ಬಳಿಗೆ, ಊರಿನ ಅನುಕೂಲಸ್ಥರ ಬಳಿಗೆ, ಕೊನೆಗೆ ಸರಕಾರದ ಬಳಿಗೆ ಹೋದರು. ಬೇಡುವುದರಲ್ಲಿ ಅವರಿಗೆ ಸಂಕೋಚವಿರಲಿಲ್ಲ. ಇಲ್ಲಿ ನಮಗೆ ಹಿಡಿಸುವ ಅಂಶ ಇದು: ಹಣದ ಭಾರ ಬಿದ್ದದ್ದು ದೊಡ್ಡವರ ಮೇಲೆ. ಮಗು ಶಾಲೆಯಿಂದ ಮನೆಗೆ ಹೊತ್ತದ್ದು ಹಸಿಯದ ಹೊಟ್ಟೆಯನ್ನು, ಎರಡು ಪೈಸೆಯನ್ನು.

1897ರಲ್ಲಿ ಈ ಕೆಲಸಕ್ಕೆ ಸಂಸ್ಥೆಯ ರೂಪ ಕೊಟ್ಟು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಊರೂರಿಗೆ ಶಾಲೆಗಳು ಹಬ್ಬಿದವು. ಓದಿನ ಜೊತೆ ಕೈಕಸುಬು ಇರಲಿ ಎಂದು ನೇಯ್ಗೆ, ಮರಗೆಲಸ ಮುಂತಾದ ತರಬೇತಿಗೂ ವ್ಯವಸ್ಥೆ ಮಾಡಿದರು. ಮಕ್ಕಳು ತಂಗಿ ಓದಲು ವಿದ್ಯಾರ್ಥಿ ನಿಲಯ ನಡೆಸಿದರು. ಮನೆ ನಿವೇಶನವಿಲ್ಲದ ಕುಟುಂಬಗಳಿಗೆ ಸರಕಾರದಿಂದ ಜಾಗ ಬಿಡಿಸಿಕೊಟ್ಟರು. ದಲಿತರ ಪ್ರತಿನಿಧಿಗಳು ಪುರಸಭೆ, ಜಿಲ್ಲಾ ಬೋರ್ಡುಗಳಲ್ಲಿ ಕುಳಿತುಕೊಳ್ಳಬೇಕೆಂದು ಹೋರಾಡಿದರು. ಒಂದೊಂದರ ಬಗ್ಗೆಯೂ ಪ್ರತ್ಯೇಕ ಲೇಖನ ಬರೆಯಬಹುದು.

ಇದಕ್ಕೆ ತೆತ್ತ ಬೆಲೆ ದೊಡ್ಡದು. ಸ್ವಂತ ಸಮಾಜ ಅವರನ್ನು ಹೊರಗಿಟ್ಟಿತು. ಬಂಧುಬಳಗ ದೂರವಾಯಿತು. ಹಬ್ಬ ಮದುವೆಗಳಿಗೆ ಕರೆಯಿಲ್ಲ. ಮನೆಯ ಕೆಲಸಕ್ಕೆ ಜನ ಸಿಗದಾಯಿತು. ಈ ಬಹಿಷ್ಕಾರದ ಬಿಸಿ ಅವರಿಗಿಂತ ಹೆಚ್ಚಾಗಿ ಪತ್ನಿ ರುಕ್ಮಿಣಿಯವರಿಗೆ ತಟ್ಟಿರಬೇಕೆಂದು ನಮ್ಮ ಭಾವನೆ. ಸುಧಾರಕರ ಜೀವನಚರಿತ್ರೆಗಳಲ್ಲಿ ಹೆಂಡಂದಿರಿಗೆ ಎರಡು ಸಾಲು ಸಿಕ್ಕರೆ ಹೆಚ್ಚು. ಆದರೂ ಈ ಮನೆ ಬಗ್ಗಲಿಲ್ಲ. ಚಿಕ್ಕ ವಯಸ್ಸಿನಲ್ಲಿ ವಿಧವೆಯಾದ ಮಗಳು ರಾಧಾಬಾಯಿಯವರನ್ನು ತಂದೆ ಮೂಲೆಗೆ ಕೂರಿಸಲಿಲ್ಲ. ಓದಿಸಿದರು, ಮುಂದೆ ಕುಮಾರಮಂಗಲದ ಜಮೀನ್ದಾರ ಡಾ. ಪಿ. ಸುಬ್ಬರಾಯನ್ ಅವರೊಡನೆ ಅಂತರ್ಜಾತೀಯ ಮರುವಿವಾಹಕ್ಕೆ ಒಪ್ಪಿಗೆ ಕೊಟ್ಟರು. ಈ ಅಳಿಯನೇ 1926ರಿಂದ 1930ರವರೆಗೆ ಮದ್ರಾಸ್ ಪ್ರಾಂತದ ಪ್ರಧಾನಿಯಾಗಿದ್ದವರು. ರಾಧಾಬಾಯಿ ಸುಬ್ಬರಾಯನ್ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತದ ಮಹಿಳೆಯರ ಪರವಾಗಿ ಕುಳಿತರು. ಭೂಸೇನೆಯ ಮುಖ್ಯಸ್ಥರಾದ ಜನರಲ್ ಪಿ.ಪಿ. ಕುಮಾರಮಂಗಲಂ, ಕೇಂದ್ರ ಸಚಿವ ಮೋಹನ್ ಕುಮಾರಮಂಗಲಂ ಮತ್ತು ಸಂಸದೆ ಪಾರ್ವತಿ ಕೃಷ್ಣನ್ ರಂಗರಾಯರ ಮೊಮ್ಮಕ್ಕಳು.

ಮಧ್ಯಾಹ್ನದ ಊಟದ ವಿಷಯಕ್ಕೆ ಮತ್ತೆ ಬರೋಣ. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತದಲ್ಲಿತ್ತು. ಆ ಪ್ರಾಂತದ ರಾಜಧಾನಿಯ ನಗರಸಭೆ ತನ್ನ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಹಾರ ಕೊಡಲು ತೀರ್ಮಾನಿಸಿದ್ದು 1920ರಲ್ಲಿ. ಸುಪ್ರೀಂ ಕೋರ್ಟು ಎಲ್ಲ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶ ಕೊಟ್ಟದ್ದು 2001ರಲ್ಲಿ. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಆರಂಭವಾಗಿ ಬಳಿಕ ಉಳಿದ ಜಿಲ್ಲೆಗಳಿಗೆ ಬಂತು. 2013ರಿಂದ ಹಾಲು ಸೇರಿತು. ಆಮೇಲೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ. ಶಾಲೆ ಮತ್ತು ಹೊಟ್ಟೆ ಬೇರೆಬೇರೆಯಲ್ಲವೆಂದು ಒಂದು ದೇಶ ಕಂಡುಕೊಳ್ಳಲು ಇಷ್ಟು ಕಾಲ ಹಿಡಿಯಿತು. ಅದೇ ಹೊಟ್ಟೆಗೆ ಚಿಪ್ಸು, ಸಿಹಿ ಪಾನೀಯ ಮಾರಿ ಶಾಲೆಯ ಮಾಡು ಸರಿಪಡಿಸುವ ನಮ್ಮ ಯೋಜನೆ ಎಂಥದ್ದೆಂದು ಆ ಸಭೆಯಲ್ಲಿ ಕುಳಿತಾಗ ಅರಿವಾಯಿತು. ಅತಿಯಾದ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರಿನೊಳಗೂ ಮಕ್ಕಳಿಗೆ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿಯೇ ನಿಯಮ ಮಾಡಿದೆ. ನಮ್ಮಲ್ಲಿ ಯಾರಿಗೂ ಅದರ ನೆನಪಿರಲಿಲ್ಲ.

1927ರಲ್ಲಿ ರಂಗರಾಯರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ದೇಹವನ್ನು ದಲಿತ ಬಂಧುಗಳೇ ಹೊರಬೇಕು, ಅವರೇ ಅಂತ್ಯಕ್ರಿಯೆ ನಡೆಸಬೇಕು ಎಂಬುದು ಅವರ ಇಚ್ಛೆಯಾಗಿತ್ತು, ಹಾಗೆಯೇ ನಡೆಯಿತು. ಮಂಗಳೂರಿನ ನಂದಿಗುಡ್ಡೆಯಲ್ಲಿ ಅವರ ಸಮಾಧಿ ಇದೆ. ತನ್ನ ಶಾಲೆಯಲ್ಲಿ ಓದಿದ ಮಗುವೊಂದು ದೊಡ್ಡ ಅಧಿಕಾರಿಯಾಗಿ ನಮ್ಮೂರಿನ ರಸ್ತೆಯಲ್ಲಿ ಕಾರಿನಲ್ಲಿ ಹಾದುಹೋಗಬೇಕು, ಆ ಕಾರು ಎಬ್ಬಿಸಿದ ಧೂಳು ತನ್ನ ತಲೆಗೆ ತಾಗಬೇಕು ಎಂಬ ಅವರ ಆಸೆ ಕರಾವಳಿಯಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತಿದೆ. ಅವರು ಹೋದ ಆರು ವರ್ಷಗಳ ಮೇಲೆ, 1934ರ ಫೆಬ್ರವರಿಯಲ್ಲಿ, ಹರಿಜನ ಯಾತ್ರೆಯಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ರಂಗರಾಯರ ಸೇವಾಸಂಸ್ಥೆಗೂ ಭೇಟಿಕೊಟ್ಟರು.

ಮೈಸೂರಿನಲ್ಲಿಯೂ ಇಂಥವರು ಇರಲಿಲ್ಲವೆಂದಲ್ಲ. ರಂಗರಾಯರ ಸಮಕಾಲೀನರಾದ ಎಂ. ವೆಂಕಟಕೃಷ್ಣಯ್ಯನವರು, ಮೈಸೂರಿಗರ ತಾತಯ್ಯ, ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದುಕೊಂಡು ಬಡ ವಿದ್ಯಾರ್ಥಿಗಳಿಗಾಗಿ ಅನಾಥಾಲಯ ಕಟ್ಟಿದವರು. ನಮ್ಮ ಸಭೆಯಲ್ಲಿ ಮಂಗಳೂರಿನವರು ರಂಗರಾಯರ ಹೆಸರು ಹೇಳಿದ ಕೂಡಲೇ ಮೈಸೂರಿನವರು ತಾತಯ್ಯನವರ ಹೆಸರು ಹೇಳಿದರು. ಸ್ವಲ್ಪ ಹೊತ್ತು ಊರಭಿಮಾನದ ಪೈಪೋಟಿಯೇ ನಡೆಯಿತೆನ್ನಿ!

ಕೊನೆಗೆ ಚೀಟಿ ಪುಸ್ತಕಗಳನ್ನೆಲ್ಲ ಮಕ್ಕಳಿಂದ ಹಿಂದಕ್ಕೆ ಪಡೆಯುವುದೆಂದು ತೀರ್ಮಾನವಾಯಿತು. ದೊಡ್ಡವರು ಇಬ್ಬಿಬ್ಬರಾಗಿ ಬಡಾವಣೆಯ ಮನೆಮನೆಗೆ ಹೋಗಿ ರಸೀದಿ ಕೊಟ್ಟು ಹಣ ಕೇಳಿದೆವು. ಒಂದು ಭಾನುವಾರ ಬೆಳಿಗ್ಗೆ ಹೆತ್ತವರ ನಡಿಗೆ ಏರ್ಪಡಿಸಿ, ಬಂದವರಿಗೆ ಪಾನಕ, ಕೋಸಂಬರಿ, ಏಲಕ್ಕಿ ಬಾಳೆಹಣ್ಣು ಇಟ್ಟು, ಪಕ್ಕದಲ್ಲಿ ಒಂದು ಡಬ್ಬಿ ಇಟ್ಟೆವು. ಯಾರು ಎಷ್ಟು ಹಾಕಿದರೆಂದು ಬರೆದಿಡಲಿಲ್ಲ. ಬಾಗಿಲು ತೆರೆಯದ ಮನೆಗಳೂ ಇದ್ದವು, ನಾಳೆ ಬನ್ನಿ ಎಂದು ಮೂರು ಸಲ ಕಳುಹಿಸಿದವರೂ ಇದ್ದರು. ಬೇಕಾದಷ್ಟು ಹಣ ಕೂಡಿಬರಲಿಲ್ಲ. ಮಾಡಿನ ಅರ್ಧಕ್ಕೆ ಹೊಸ ಶೀಟು ಬಂದಿದೆ. ಇನ್ನರ್ಧಕ್ಕೆ ಈ ಮಳೆಗಾಲದಲ್ಲಿ ಟಾರ್ಪಾಲು ಹೊದಿಸಿದ್ದೇವೆ. ಆ ಹುಡುಗಿ ಶಾಲೆಗೆ ಬರುತ್ತಿದ್ದಾಳೆ. ಟಾರ್ಪಾಲಿನ ಹಗ್ಗ ಕಟ್ಟುವ ದಿನ ಅವಳ ತಾಯಿ ಕೆಲಸ ಮುಗಿಸಿ ಬಂದು ಏಣಿ ಹಿಡಿದು ನಿಂತಿದ್ದರು.