ಗಿರಣಿ ಕಾರ್ಮಿಕರ ಹಿರಿಯಕ್ಕ ಅನಸೂಯಾ ಸಾರಾಭಾಯಿ

ಅಹಿಂಸೆ ಊಟದ ತಟ್ಟೆಗೆ ಮಾತ್ರ ಸೀಮಿತವಲ್ಲ, ದುಡಿಯುವವರ ಕೂಲಿಗೂ ದುಡಿಮೆಯ ವೇಳೆಗೂ ಅದು ಅನ್ವಯಿಸಬೇಕು ಎಂಬುದನ್ನು ಬದುಕಿ ತೋರಿಸಿದ ಜೈನ ಮಹಿಳೆ ಅನಸೂಯಾ ಸಾರಾಭಾಯಿ.

ಅವರು 1885ರ ನವೆಂಬರ್ 11ರಂದು ಅಹಮದಾಬಾದಿನ ಶ್ರೀಮಂತ ಜೈನ ಮನೆತನದಲ್ಲಿ ಜನಿಸಿದರು. ಚಿಕ್ಕ ವಯಸ್ಸಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ತಮ್ಮ ಅಂಬಾಲಾಲ್ ಅವರೊಡನೆ ಚಿಕ್ಕಪ್ಪನ ಆಶ್ರಯದಲ್ಲಿ ಬೆಳೆದರು. ಹದಿಮೂರರಲ್ಲಿ ಮದುವೆಯಾಯಿತು, ಆ ದಾಂಪತ್ಯ ಉಳಿಯಲಿಲ್ಲ. 1912ರಲ್ಲಿ ತಮ್ಮನ ನೆರವಿನಿಂದ ವೈದ್ಯಕೀಯ ಓದಲು ಇಂಗ್ಲೆಂಡಿಗೆ ತೆರಳಿದರು. ಆದರೆ ಆ ಓದಿನಲ್ಲಿ ಪ್ರಾಣಿಗಳನ್ನು ಕೊಯ್ಯಬೇಕಿತ್ತು. ಹುಟ್ಟಿ ಬೆಳೆದ ಧರ್ಮ ಅದಕ್ಕೆ ಒಪ್ಪದ್ದರಿಂದ ಅದನ್ನು ಬಿಟ್ಟು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ಅಲ್ಲಿ ಸಮಾಜವಾದಿ ಚಿಂತನೆಯ ಪರಿಚಯವಾಯಿತು.

ಊರಿಗೆ ಮರಳಿ ಗಿರಣಿ ಕಾರ್ಮಿಕರ ಮಕ್ಕಳಿಗೆ ಶಾಲೆ ತೆರೆದರು. ಒಮ್ಮೆ, ಸತತ 36 ಗಂಟೆ ದುಡಿದು ಬಳಲಿ ಮನೆಗೆ ಹೋಗುತ್ತಿದ್ದ ಹೆಂಗಸರ ಗುಂಪನ್ನು ಕಂಡರು. ಶಾಲೆ, ದಾನ ಧರ್ಮಗಳಷ್ಟೇ ಸಾಲವು, ದುಡಿಮೆಯ ನಿಯಮವೇ ಬದಲಾಗಬೇಕು ಎಂಬುದು ಅವರಿಗೆ ಮನದಟ್ಟಾಯಿತು.

1917ರಲ್ಲಿ ಅಹಮದಾಬಾದಿಗೆ ಪ್ಲೇಗ್ ಬಂದಾಗ ಕಾರ್ಮಿಕರು ಊರು ಬಿಡದಿರಲೆಂದು ಗಿರಣಿ ಮಾಲೀಕರು ವಿಶೇಷ ಬೋನಸ್ ಕೊಟ್ಟಿದ್ದರು. ಪಿಡುಗು ತಗ್ಗಿದ ಮೇಲೆ ಅದನ್ನು ನಿಲ್ಲಿಸಿದರು. ಯುದ್ಧಕಾಲದ ಬೆಲೆ ಏರಿಕೆ ಮಾತ್ರ ನಿಂತಿರಲಿಲ್ಲ. ಮಾಲೀಕರು ಶೇ. 20ರಷ್ಟು ಕೂಲಿ ಹೆಚ್ಚಳಕ್ಕೆ ಸಿದ್ಧರಿದ್ದರು. ಕಾರ್ಮಿಕರು ಗಾಂಧೀಜಿಯವರ ಸಲಹೆಯಂತೆ ಶೇ. 35 ಕೇಳಿದರು. 1918ರ ಫೆಬ್ರವರಿ 22ರಂದು ನೇಕಾರರಿಗೆ ಗಿರಣಿಗಳ ಬಾಗಿಲು ಮುಚ್ಚಿತು.

ಮಾಲೀಕರ ಮುಂದಾಳು ಸ್ವಂತ ತಮ್ಮ ಅಂಬಾಲಾಲ್. ಅಕ್ಕ ನಿಂತದ್ದು ಕಾರ್ಮಿಕರ ಕಡೆ. ಶಂಕರಲಾಲ್ ಬ್ಯಾಂಕರ್ ಮೊದಲಾದವರೊಂದಿಗೆ ಕಾರ್ಮಿಕರ ಕೇರಿಗಳನ್ನು ಸುತ್ತಿ ಧೈರ್ಯ ತುಂಬಿದರು. ಸಾಬರಮತಿ ದಂಡೆಯ ಜಾಲಿ ಮರದ ಕೆಳಗೆ ದಿನವೂ ಸಭೆ ಸೇರುತ್ತಿತ್ತು. ಹಸಿವಿನಿಂದ ಕಾರ್ಮಿಕರ ಪಟ್ಟು ಸಡಿಲಾಗತೊಡಗಿದಾಗ ಮಾರ್ಚ್ 15ರಂದು ಗಾಂಧೀಜಿ ಉಪವಾಸ ಹಿಡಿದರು. 18ರಂದು ರಾಜಿಯಾಯಿತು: ಮೊದಲ ದಿನ ಶೇ. 35, ಎರಡನೆಯ ದಿನ ಶೇ. 20, ಆಮೇಲೆ ಪಂಚಾಯ್ತಿದಾರರ ತೀರ್ಪು ಬರುವವರೆಗೆ ಶೇ. 27.5. ಪಂಚಾಯ್ತಿದಾರರಾದ ಆನಂದಶಂಕರ ಧ್ರುವ ಕೊನೆಗೆ ಶೇ. 35ನ್ನೇ ಎತ್ತಿಹಿಡಿದರು.

1920ರಲ್ಲಿ ಮಜೂರ್ ಮಹಾಜನ್ ಸಂಘ ಸ್ಥಾಪನೆಯಾಯಿತು. ಅನಸೂಯಾ ಅದರ ಮೊದಲ ಅಧ್ಯಕ್ಷೆ. ಗುಜರಾತಿನಲ್ಲಿ ಮಹಾಜನ್ ಎಂದರೆ ವರ್ತಕರ ಸಂಘ. ವ್ಯಾಪಾರಿಗಳ ಆ ಗೌರವದ ಹೆಸರನ್ನು ಕೂಲಿಯವರೂ ಪಡೆದರು. ಬಲವಿದ್ದವನ ಮಾತೇ ಅಂತಿಮವಾಗದೆ, ವಿವಾದಗಳು ಪಂಚಾಯ್ತಿಯಲ್ಲಿ ತೀರ್ಮಾನವಾಗಬೇಕೆಂಬುದು ಸಂಘದ ನೀತಿಯಾಯಿತು.

ಕಾರ್ಮಿಕರು ಅವರನ್ನು ಮೋಟಾಬೆನ್, ಅಂದರೆ ಹಿರಿಯಕ್ಕ ಎಂದು ಕರೆದರು. ಆ ಸಂಘದ ಮಹಿಳಾ ವಿಭಾಗದಿಂದ 1972ರಲ್ಲಿ ಇಳಾ ಭಟ್ ಅವರ ನೇತೃತ್ವದ ಸೇವಾ ಸಂಸ್ಥೆ ಹುಟ್ಟಿ, ಬೀದಿ ವ್ಯಾಪಾರಿ, ಹೊರೆಯಾಳು ಹೆಂಗಸರನ್ನೂ ಒಗ್ಗೂಡಿಸಿತು. ಅದೇ ವರ್ಷದ ನವೆಂಬರ್ 1ರಂದು ಅನಸೂಯಾ ನಿಧನರಾದರು. ಪ್ರಾಣಿಯ ಮೇಲೆ ಕತ್ತಿಯಾಡಿಸಲು ಒಲ್ಲೆನೆಂದ ಅವರು, ಮನುಷ್ಯರನ್ನು ಸವೆಸುವ ಲಾಭವನ್ನೂ ಒಲ್ಲೆನೆಂದರು. ವ್ಯಾಪಾರ, ಉದ್ಯಮಗಳಲ್ಲಿ ತೊಡಗಿರುವ ಸಮಾಜಕ್ಕೆ ಅವರು ಬಿಟ್ಟುಹೋದ ಅಣುವ್ರತದ ಪಾಠ ಇದೇ.